‘ನರ ಹಿಡದದ’ ಅಂದರೆ ಯಾವ ನರ? ಟೆಂಡನ್‌ಗೆ ಆಡುಮಾತು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಕೀಲುನೋವು, ಮೈಕೈ ನೋವು ಅಂತ ಬರುವವರನ್ನು ಮೊದಲ ಸಲ ನೋಡುವಾಗ ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಟೊಂಕ, ರಟ್ಟೆ, ಬಾವು, ಉಳುಕು, ಜೋಮು, ಎಲ್ಲಕ್ಕೂ ಜನರ ಮಾತೇ ಸಿಕ್ಕಿತು. ‘ನರ’ದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಹೋದ ವಾರ ಆಳಂದ ಕಡೆಯ ಅವ್ವ ಒಬ್ಬರು ಬಂದಿದ್ದರು. ಬಲಗೈ ಹೆಬ್ಬೆರಳಿನ ಬುಡ ತೋರಿಸಿ, “ನರ ಹಿಡದದ ರೀ, ರೊಟ್ಟಿ ಬಡ್ಯಾಕ ಬರವಲ್ದು” ಅಂದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆ ನಿಧಾನಕ್ಕೆ ಬಾಗಿಸಿದೆ. “ಯವ್ವಾ” ಅಂತ ಕೈ ಎಳೆದುಕೊಂಡರು. ಜೋಮು ಹಿಡಿಯುತ್ತದಾ, ರಾತ್ರಿ ಬೆರಳು ಜುಮುಜುಮು ಅಂತಾವಾ ಅಂತ ಕೇಳಿದೆ. ಇಲ್ಲ ಅಂದರು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಎಳೆಗೆ ಟೆಂಡನ್ ಅನ್ನುತ್ತೇವೆ. ಆ ಜಾಗದಲ್ಲಿ ಹೆಬ್ಬೆರಳನ್ನು ಎತ್ತುವ ಎರಡು ಟೆಂಡನ್‌ಗಳು ಒಂದೇ ಒರೆಯೊಳಗೆ ಹಾದುಹೋಗುತ್ತವೆ. ಒರೆ ದಪ್ಪವಾದರೆ ಅವು ಸರಾಗವಾಗಿ ಜಾರುವುದಿಲ್ಲ, ಅದೇ ನೋವು. ಡಿ ಕ್ವೆರ್ವೇನ್ ಅಂತ ಅದರ ಹೆಸರು. ಆದರೆ ಜೊತೆಗೆ ಬಂದ ಮಗ ಕೇಳಿದ್ದು, “ನರದ್ದು ಅಂದ್ರ ಮುಂದ ಲಕ್ವಾ ಹೊಡಿತದೇನ್ರಿ?” ಆ ಹೆದರಿಕೆ ಇಳಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು.

ತಪ್ಪು ಅವರದಲ್ಲ. ಕೈ ಮೇಲೆ ನೀಲಿ ನರ ಎದ್ದಿದೆ ಅಂದರೆ ಅದು ರಕ್ತನಾಳ. ಕತ್ತಿನ ನರ ಹಿಡಿದಿದೆ ಅಂದರೆ ಹೆಚ್ಚಾಗಿ ಮಾಂಸಖಂಡ. ಡಾಕ್ಟರು ಹೇಳಿದರೆ ಮಾತ್ರ ನರ್ವ್, ಅಂದರೆ ಮಿದುಳಿಗೂ ಮೈಗೂ ನಡುವೆ ಸುದ್ದಿ ಸಾಗಿಸುವ ತಂತು. ನಮ್ಮಲ್ಲಿ ಉರ್ದು ಆಡುವವರ ‘ನಸ್’ ಕೂಡ ಹೀಗೇ. ತಮಿಳಿನ ‘ನರಂಬು’ ಯಾಳ್ ವಾದ್ಯದ ತಂತಿಗೂ ಹೆಸರು. ಗ್ರೀಕರ ‘ನ್ಯೂರಾನ್’ ಕೂಡ ಬಿಲ್ಲಿನ ಹೆದೆಗೆ ಸಲ್ಲುತ್ತಿದ್ದ ಮಾತು. ಎಳೆದು ಕಟ್ಟಿದ ದಾರದಂಥದ್ದೆಲ್ಲ ನರ ಅಂದರೆ, ಆ ಅವ್ವ ಹೇಳಿದ್ದೇ ಸರಿ ಅಲ್ವಾ?

‘ಸ್ನಾಯು’ ಬಳಸಿದರೆ ಗೊಂದಲ ಇನ್ನೂ ಜಾಸ್ತಿ. ಸುಶ್ರುತ ಸಂಹಿತೆಯಲ್ಲಿ ಪೇಶಿ 500, ಸ್ನಾಯು 900 ಅಂತ ಬೇರೆಬೇರೆ ಲೆಕ್ಕ ಇದೆ. ಅಲ್ಲಿ ಸ್ನಾಯು ಅಂದರೆ ಬಿಗಿದು ಕಟ್ಟುವ ಎಳೆ, ಪೇಶಿ ಅಂದರೆ ಮಾಂಸಖಂಡ. ಈಗ ಕನ್ನಡದಲ್ಲೂ ಮರಾಠಿಯಲ್ಲೂ ಸ್ನಾಯು ಅಂದರೆ ಮಾಂಸಖಂಡ, ಹಿಂದಿಯಲ್ಲಿ ನರ್ವ್‌ಗೂ ಅದೇ ಮಾತು. ಪಠ್ಯದ ‘ಸ್ನಾಯುರಜ್ಜು’ (ಟೆಂಡನ್), ‘ಅಸ್ಥಿರಜ್ಜು’ (ಲಿಗಮೆಂಟ್) ಎಂಬ ಮಾತುಗಳನ್ನು ನಾನು ಒಂದೆರಡು ಸಲ ಹೇಳಿ ನೋಡಿದೆ. ಎದುರಿಗಿದ್ದವರು ಸುಮ್ನೆ ತಲೆಯಾಡಿಸಿದರು, ಅಷ್ಟೇ.

ನನಗೆ ಹೊಳೆದದ್ದು ‘ಹುರಿ’. ಹುರಿಗಟ್ಟಿದ ತೋಳು ಅಂತ ಹೇಗೂ ಅನ್ನುತ್ತೇವೆ. “ಎಲುಬಿಗೆ ಮಾಂಸ ಕಟ್ಟಿರೋ ಹುರಿ ಉಜ್ಜಿ ಬಾತದ” ಅಂದರೆ ಯಾರೂ ಲಕ್ವಾ ಅಂತ ಹೆದರಲಾರರು. ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್‌ಗೆ ಮಾತ್ರ ಏನೂ ತೋಚಿಲ್ಲ. ‘ಕಟ್ಟು’ ಅನ್ನೋಣವೆಂದರೆ ಮುರಿದ ಕೈಗೆ ಹಾಕುವುದೂ ಕಟ್ಟೇ.

ಕುರಿ ಕಾಯುವವರು, ಮಾಂಸ ಕೊಯ್ಯುವವರು ಆ ಬಿಳಿ ಹುರಿಯನ್ನು ದಿನಾ ಕಣ್ಣಾರೆ ಕಾಣುತ್ತಾರೆ. ಬೀದರ್, ಯಾದಗಿರಿ ಕಡೆಯವರು ಯಾರಾದರೂ ಅವರನ್ನು ಕೇಳಿ ಬರೆಯುತ್ತೀರಾ? ಹಿಮ್ಮಡಿಯ ಮೇಲಿನ ದಪ್ಪ ಹುರಿಗೆ ನಿಮ್ಮೂರಲ್ಲಿ ಏನಂತಾರೆ ಅನ್ನುವುದನ್ನೂ ತಿಳಿಸಿ.