ಹಳೇ ಕಂಪ್ಯೂಟರ್‌ಗೆ ಹೊಸ ರ‍್ಯಾಮ್ ಹಾಕಿದರೆ ಬರೀ ಬೀಪ್, ಪರದೆ ಕಪ್ಪು

ಕಿಟಕಿಪಕ್ಕ
ನಮಸ್ಕಾರ. ಮೂರು ದಿನದಿಂದ ಇದರಲ್ಲೇ ಮುಳುಗಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಅಪ್ಪನ ಕಂಪ್ಯೂಟರ್ 2010ರಲ್ಲಿ ಜೋಡಿಸಿದ್ದು. ಕೋರ್ 2 ಡ್ಯುಯೊ ಇ7500, ಜಿ41 ಮದರ್‌ಬೋರ್ಡ್, ಡಿಡಿಆರ್3 ಜಾತಿಯ ರ‍್ಯಾಮ್‌ಗೆ ಎರಡೇ ಸ್ಲಾಟ್. ಎರಡರಲ್ಲೂ 2 ಜಿಬಿ ರ‍್ಯಾಮ್ ಇತ್ತು. ಅಪ್ಪ ತಮ್ಮ ಹಳೆಯ ಡೈರಿಗಳನ್ನೆಲ್ಲ ಅದರಲ್ಲಿ ಟೈಪ್ ಮಾಡಿ ಇಡುತ್ತಿದ್ದಾರೆ. ಪಕ್ಕದಲ್ಲಿ ಬ್ರೌಸರ್ ತೆರೆದರೆ ಸಾಕು, ಡಿಸ್ಕ್ ಗರಗರ ಅನ್ನುತ್ತದೆ. ಒಂದು ಸಾಲು ಹೊಡೆದು ಕೈ ಕಟ್ಟಿ ಕಾಯುತ್ತಾರೆ, ಆಮೇಲೆ ಅಕ್ಷರ ಒಟ್ಟಿಗೆ ಉದುರುತ್ತವೆ. ಅದನ್ನು ನೋಡಲಾಗದೆ 4 ಜಿಬಿಯ ಎರಡು ಹೊಸ ರ‍್ಯಾಮ್ ಕಡ್ಡಿ ತಂದೆ. ಡಿಡಿಆರ್3, 1600 ವೇಗದ್ದು.

ಹಾಕಿ ಆನ್ ಮಾಡಿದರೆ ಉದ್ದುದ್ದ ಬೀಪ್ ಬಿಟ್ಟುಬಿಟ್ಟು ಬರುತ್ತದೆ. ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ಹಳೆಯ ಕಡ್ಡಿಗಳನ್ನು ವಾಪಸ್ ಹಾಕಿದರೆ ಏನೂ ಆಗಿಲ್ಲ ಎನ್ನುವ ಹಾಗೆ ಶುರುವಾಗುತ್ತದೆ. ಬೋರ್ಡಿನ ಕೈಪಿಡಿಯಲ್ಲಿ 8 ಜಿಬಿವರೆಗೆ ಹಾಕಬಹುದು ಎಂದೇ ಇದೆ. ಎರಡು ಹೊಸ ಕಡ್ಡಿಗಳೂ ಒಟ್ಟಿಗೆ ಕೆಟ್ಟಿರಲು ಸಾಧ್ಯವಾ?

ತಿರುಪು
ಮೊದಲು ಸುಲಭದ್ದು ಮುಗಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಒಂದೇ ಕಡ್ಡಿ ಹಾಕಿ ನೋಡಿ, ಆಮೇಲೆ ಅದೇ ಕಡ್ಡಿಯನ್ನು ಇನ್ನೊಂದು ಸ್ಲಾಟಿನಲ್ಲಿ. ಎರಡೂ ತುದಿಯ ಕೊಕ್ಕೆ ತಾನಾಗಿಯೇ ಟಕ್ ಅಂತ ಕೂರಬೇಕು. ಹಳೆಯ ಸ್ಲಾಟ್ ಗಟ್ಟಿಯಾಗಿರುತ್ತದೆ, ಎಷ್ಟೋ ಸಲ ಒಂದು ಕಡೆ ಪೂರ್ತಿ ಇಳಿದೇ ಇರುವುದಿಲ್ಲ. ಬೋರ್ಡಿನ ಬಟನ್ ಬ್ಯಾಟರಿಯನ್ನೂ ಐದು ನಿಮಿಷ ತೆಗೆದಿಡಿ, ಹಳೆಯ ಸೆಟ್ಟಿಂಗ್ ಅಳಿಯಲಿ.

ಕಿಟಕಿಪಕ್ಕ
ಎಲ್ಲ ಮಾಡಿದೆ. ಒಂದೊಂದಾಗಿ, ಎರಡೂ ಸ್ಲಾಟಿನಲ್ಲಿ. ಒಂದು ಹಳೆಯದು ಒಂದು ಹೊಸದು ಹಾಕಿಯೂ ನೋಡಿದೆ. ಹೊಸ ಕಡ್ಡಿ ಇದ್ದರೆ ಅದೇ ಬೀಪ್.

ಹಳೆಬೋರ್ಡು
ಕಡ್ಡಿ ಕೆಟ್ಟಿಲ್ಲ ಅನ್ನಿಸುತ್ತೆ. ಒಂದು ಕೆಲಸ ಮಾಡಿ, ಹೊಸ ಕಡ್ಡಿ ಕೈಯಲ್ಲಿ ಹಿಡಿದು ಎರಡೂ ಬದಿ ಸೇರಿಸಿ ಕಪ್ಪು ಚಿಪ್ ಎಷ್ಟಿವೆ ಎಣಿಸಿ. 8 ಇದ್ದರೆ ಕಾರಣ ಅದೇ.

ಜಿ41 ಅಂದರೆ ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಕೊಂಡಿಯಾಗಿರುವ ಹಳೆಯ ಚಿಪ್‌ಸೆಟ್. ಒಂದೊಂದು ಚಿಪ್ಪಿನಲ್ಲಿ ಹೆಚ್ಚೆಂದರೆ 2 ಗಿಗಾಬಿಟ್, ಅಂದರೆ 256 ಎಂಬಿ ಇದ್ದರೆ ಮಾತ್ರ ಅದಕ್ಕೆ ಅರ್ಥವಾಗುತ್ತದೆ. ಆ ಲೆಕ್ಕದಲ್ಲಿ 4 ಜಿಬಿ ಆಗಲು 16 ಚಿಪ್ ಬೇಕು, ಬದಿಗೆ 8ರಂತೆ. ಆಮೇಲೆ ಬಂದ ಕಡ್ಡಿಗಳಲ್ಲಿ ಒಂದು ಚಿಪ್ಪಿಗೇ 512 ಎಂಬಿ, ಹಾಗಾಗಿ 8ರಲ್ಲೇ 4 ಜಿಬಿ ಮುಗಿಯುತ್ತದೆ. ಹೊಸ ಬೋರ್ಡಿಗೆ ಅದು ಸರಿ, ನಿಮ್ಮದಕ್ಕೆ ಓದಲು ಬರುವುದಿಲ್ಲ. ಕೈಪಿಡಿ 8 ಜಿಬಿ ಎಂದಿದ್ದು ಸುಳ್ಳಲ್ಲ, ಆದರೆ ಎಂಥ 4 ಜಿಬಿ ಎನ್ನುವುದೇ ಮುಖ್ಯ. ಇದನ್ನು ಯಾರೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕುವುದಿಲ್ಲ, ನನಗೆ ಬೇಜಾರಾಗುವುದೇ ಅದಕ್ಕೆ.

ಬದಲಾಯಿಸುವಾಗ 16 ಚಿಪ್ ಇದೆ ಅಂತ ಸುಮ್ನೆ ತಗೋಬೇಡಿ. ಲೇಬಲ್ ಮೇಲೆ '2 ಆರ್ ಎಕ್ಸ್ 8' (2Rx8) ಎಂದಿರಬೇಕು, ಅಂದರೆ 8 ಬಿಟ್ ಅಗಲದ ಚಿಪ್‌ಗಳ ಎರಡು ಗುಂಪು. ಎಎಮ್‌ಡಿ ಕಂಪನಿಯ ಪ್ರೊಸೆಸರ್ ಇರುವ ಬೋರ್ಡಿಗೆ ಮಾತ್ರ ಎಂದು ಮಾರುವ ಕಡ್ಡಿಗಳಲ್ಲೂ 16 ಚಿಪ್ ಇರುತ್ತವೆ, ಆದರೆ ಅವು ಎಕ್ಸ್ 4 ಜಾತಿಯವು (ಚಿಪ್ಪಿನ ಅಗಲ 4 ಬಿಟ್), ನಿಮ್ಮ ಬೋರ್ಡಿನಲ್ಲಿ ನಡೆಯಲ್ಲ. 1600 ವೇಗಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಅಲ್ಲಿ ಅದು 1066ಕ್ಕೇ ಇಳಿದು ಓಡುತ್ತದೆ.

ಕಿಟಕಿಪಕ್ಕ
ಟಾರ್ಚ್ ಹಿಡಿದು ನೋಡಿದೆ. ಹೊಸದರಲ್ಲಿ ಒಂದು ಬದಿಗೆ 8, ಇನ್ನೊಂದು ಬದಿ ಪೂರ್ತಿ ಬೋಳು. ಅಪ್ಪನ ಹಳೆಯ 2 ಜಿಬಿ ಕಡ್ಡಿಯಲ್ಲೂ 8 ಇದೆ! ಈಗ ಲೆಕ್ಕ ತಿಳಿಯಿತು, 8 ಗುಣಿಸು 256. ಕೊಂಡ ಕಡೆ ಮಾತಾಡಿ ಬದಲಾಯಿಸಿಕೊಳ್ಳುತ್ತೇನೆ. ತುಂಬಾ ಥ್ಯಾಂಕ್ಸ್.

ಕಿಟಕಿಪಕ್ಕ (ಒಂಬತ್ತು ದಿನದ ನಂತರ)
2 ಆರ್ ಎಕ್ಸ್ 8 ಸಿಕ್ಕಿತು. ಮೊದಲ ಸಲಕ್ಕೇ ಒಂದೇ ಒಂದು ಚಿಕ್ಕ ಬೀಪ್ ಬಂದು ಶುರುವಾಯಿತು, ಅಪ್ಪನೂ ಪಕ್ಕದಲ್ಲೇ ನಿಂತಿದ್ದರು. ಆದರೆ ವಿಂಡೋಸ್ 10ರಲ್ಲಿ ನೋಡಿದರೆ 8 ಜಿಬಿ ಇದೆ, ಬಳಸಲು ಸಿಗುವುದು 3.2 ಎಂದು ತೋರಿಸುತ್ತಿದೆ. ಮತ್ತೇನು ತಪ್ಪಾಯಿತು?

ತಿರುಪು
ನಿಮ್ಮ ವಿಂಡೋಸ್ 32 ಬಿಟ್ ಇರಬೇಕು. ಅದು 4 ಜಿಬಿ ದಾಟಲ್ಲ, ಅದರಲ್ಲೂ ಸ್ವಲ್ಪ ಜಾಗ ಗ್ರಾಫಿಕ್ಸ್‌ಗೆ ಮತ್ತು ಉಳಿದ ಸಾಧನಗಳಿಗೆ ಹೋಗುತ್ತದೆ. ನಿಮ್ಮ ಪ್ರೊಸೆಸರ್ 64 ಬಿಟ್, ಹಾಗಾಗಿ ಚಿಂತೆ ಇಲ್ಲ. ಆದರೆ 32ರ ಮೇಲೆಯೇ 64 ಹಾಕಲು ಬರುವುದಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಟೈಪಿಂಗ್ ಮತ್ತು ಬ್ರೌಸರ್ ಇಷ್ಟೇ ಆದರೆ ವಿಂಡೋಸ್ ಬದಲು 64 ಬಿಟ್ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ನೋಡಿ. ಯಾವುದೇ ಮಾಡಿ, ಡೈರಿಗಳನ್ನು ಮೊದಲು ಎರಡು ಬೇರೆ ಕಡೆ ಕಾಪಿ ಮಾಡಿ. ಆಮೇಲೇ ಉಳಿದದ್ದು.

ಹಳೆಬೋರ್ಡು
ಹೇಗೂ ಹೊಸದಾಗಿ ಹಾಕುತ್ತೀರಿ ಅಲ್ವಾ, ಹಾರ್ಡ್ ಡಿಸ್ಕ್ ಬದಲು ತಿರುಗುವ ಭಾಗವೇ ಇಲ್ಲದ ಒಂದು ಸಾಟಾ ಎಸ್‌ಎಸ್‌ಡಿಗೆ ಹಾಕಿ. ನೀವು ಹೇಳಿದ ಗರಗರ ನಿಲ್ಲುವುದು ಅದರಿಂದಲೇ. ಅದಕ್ಕೂ ಮೊದಲು ಮೆಮ್‌ಟೆಸ್ಟ್86+ (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಪೆನ್ ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಕಡ್ಡಿ ವಾಪಸ್ ಕೊಡಿ.

ಕಿಟಕಿಪಕ್ಕ
ಮೆಮ್‌ಟೆಸ್ಟ್ ರಾತ್ರಿ ಹತ್ತಕ್ಕೆ ಹಚ್ಚಿದ್ದೆ, ಬೆಳಿಗ್ಗೆ ತಪ್ಪು ಸೊನ್ನೆ. ಡೈರಿಗಳು ಪೆನ್ ಡ್ರೈವ್‌ನಲ್ಲೂ ನನ್ನ ಲ್ಯಾಪ್‌ಟಾಪ್‌ನಲ್ಲೂ ಇವೆ. ಎಸ್‌ಎಸ್‌ಡಿ ಮೇಲೆ ಮಿಂಟ್ ಹಾಕಿದೆ, 7.7 ಜಿಬಿ ತೋರಿಸುತ್ತಿದೆ. ಅಪ್ಪ ಬ್ರೌಸರ್ ತೆರೆದಿಟ್ಟುಕೊಂಡೇ ಟೈಪ್ ಮಾಡುತ್ತಿದ್ದಾರೆ, ಅಕ್ಷರ ಬೆರಳಿನ ಜೊತೆಗೇ ಬರುತ್ತಿದೆ. ಹಳೆಯ 2 ಜಿಬಿ ಕಡ್ಡಿಗಳನ್ನು ಹೊಸದರ ಡಬ್ಬದಲ್ಲೇ ಇಟ್ಟಿದ್ದೇನೆ, ಮುಂದೆ ಎಂದಾದರೂ ಬೀಪ್ ಬಂದರೆ ಹಾಕಿ ನೋಡಲು ಬೇಕಾಗುತ್ತವೆ.