ಎಂಜಿಬಿ ಇಂಜಿನ್ ಬಿಚ್ಚಿ ಕಟ್ಟಿದ್ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ, ಮತ್ತೆ ಬಿಚ್ಚಬೇಕಾ?

ರೋಡ್‌ಸ್ಟರ್ 66

ಎಲ್ಲರಿಗೂ ನಮಸ್ಕಾರ. ನಂದು 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಸ್ಪೋರ್ಟ್ಸ್ ಕಾರು), 1798 ಸಿಸಿ, ಐದು ಮೇನ್ ಬೇರಿಂಗ್ ಇಂಜಿನ್, ಎರಡು ಎಸ್‌ಯು ಕಾರ್ಬೊರೇಟರ್. ಪೂರ್ತಿ ಬಿಚ್ಚಿ ಕಟ್ಟೋಕೆ ಒಂದೂವರೆ ವರ್ಷ ಹಿಡೀತು. ಬ್ಲಾಕ್ 30 ಥೌ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜ್‌ಗೆ ಬೋರ್ ಮಾಡ್ಸಿ ಹೊಸ ಪಿಸ್ಟನ್ನು ರಿಂಗು, ಕ್ರ್ಯಾಂಕ್ ಗ್ರೈಂಡ್ ಮಾಡ್ಸಿ ಹೊಸ ಬೇರಿಂಗು, ಹೊಸ ಕ್ಯಾಮು ಟ್ಯಾಪೆಟ್ಟು, ಹೆಡ್ಡಲ್ಲಿ ಹೊಸ ವಾಲ್ವು ಹೊಸ ಗೈಡು (ವಾಲ್ವಿನ ಕಾಂಡ ಓಡಾಡೋ ಕೊಳವೆ). ಮಷೀನ್ ಕೆಲಸ ಬಿಟ್ರೆ ಮಿಕ್ಕಿದ್ದೆಲ್ಲ ನನ್ನ ಕೈಯಾರೆ ಜೋಡಿಸಿದ್ದು.

ಮೊದಲ ಸ್ಟಾರ್ಟ್‌ನಲ್ಲಿ ಹೊಸ ಕ್ಯಾಮ್ ಪಳಗ್ಲಿ ಅಂತ 2000ದಿಂದ 2500 ಆರ್‌ಪಿಎಮ್‌ನಲ್ಲಿ 20 ನಿಮಿಷ ಓಡ್ಸಿದೆ, ಅವತ್ತು ಭಯಂಕರ ಹೊಗೆ, ಜೋಡಿಸುವಾಗ ಸವರಿದ ಆಯಿಲ್ ಸುಡ್ತಿದೆ ಅಂತ ಸುಮ್ನಿದ್ದೆ, ಅದು ಹೋಯ್ತು ಕೂಡ. ಈಗ 400 ಕಿಮೀ ಆಗಿದೆ. ಆದ್ರೆ ರಾತ್ರಿಯೆಲ್ಲ ನಿಂತ ಗಾಡೀನ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್‌ನಿಂದ ದಪ್ಪ ಹೊಗೆ, ಅರ್ಧ ನಿಮಿಷ ಇರುತ್ತೆ, ಆಮೇಲೆ ಏನೂ ಇಲ್ಲದ ಹಾಗೆ ಕ್ಲೀನ್. ಪ್ರತಿದಿನ ಇದೇ ಕಥೆ. ರಿಂಗ್ ಕೂತಿಲ್ವಾ, ಬೋರ್ ಹಾಳಾಯ್ತಾ, ಇಂಜಿನ್ ಮತ್ತೆ ಇಳಿಸ್ಬೇಕಾ ಅಂತ ನಿದ್ದೆ ಬರ್ತಿಲ್ಲ. ದಯವಿಟ್ಟು ಗೊತ್ತಿರೋರು ಹೇಳಿ.

ಗ್ರೀಸ್ ಕೈ

ಸರ್ ಮೊದಲು ಸ್ಪ್ಯಾನರ್ ಕೆಳಗಿಡಿ. ಇಂಜಿನ್ ಇಳಿಸೋ ಮಾತು ಈಗ್ಲೇ ಬೇಡ.

ಹೊಗೆ ಬಣ್ಣ ಸರಿಯಾಗಿ ನೋಡಿದ್ರಾ? ಬೆಳಿಗ್ಗೆ ಚೋಕ್ ಎಳೆದೇ ಸ್ಟಾರ್ಟ್ ಮಾಡ್ತೀರಲ್ಲ, ಎಸ್‌ಯುನಲ್ಲಿ ಚೋಕ್ ಎಳೆದ್ರೆ ಜೆಟ್ ಕೆಳಗಿಳಿದು ಪೆಟ್ರೋಲ್ ಜಾಸ್ತಿ ಹೋಗುತ್ತೆ, ಅದರಿಂದ ಬರೋದು ಕಪ್ಪು ಹೊಗೆ. ಚಳಿಯಲ್ಲಿ ಬಿಳಿ ಹೊಗೆ ಬಂದು ಗಾಳೀಲಿ ಕರಗಿಹೋದ್ರೆ ಅದು ಬರೀ ಆವಿ, ಅದಕ್ಕೆ ಹೆದರ್ಬೇಕಿಲ್ಲ, ಆದ್ರೆ ಬಿಸಿಯಾದ್ಮೇಲೂ ಬಿಳಿ ಬರ್ತಾನೇ ಇದ್ದು ಸಿಹಿ ವಾಸನೆ ಇದ್ರೆ ರೇಡಿಯೇಟರ್ ನೀರು ಒಳಗೆ ಹೋಗ್ತಿದೆ ಅಂತ. ನೀಲಿ ಅಂದ್ರೆ ಮಾತ್ರ ಆಯಿಲ್. ಬೆಳಕಿಗೆ ಎದುರಾಗಿ ನಿಂತು ನೋಡಿ, ಒಂದು ಬಿಳಿ ಬಟ್ಟೆ ಪೈಪಿನ ಬಾಯಿಗೆ ಹಿಡೀರಿ, ಆಯಿಲ್ ಆದ್ರೆ ಜಿಡ್ಡಿನ ಚುಕ್ಕೆ ಬೀಳುತ್ತೆ.

ಇನ್ನೊಂದು, ಹೊಗೆ ಯಾವಾಗ ಬರುತ್ತೆ ಅನ್ನೋದು ಬಣ್ಣಕ್ಕಿಂತ ಮುಖ್ಯ. ಇಳಿಜಾರಿನಲ್ಲಿ ಗೇರ್‌ನಲ್ಲೇ ಎಕ್ಸಲರೇಟರ್ ಪೂರ್ತಿ ಬಿಟ್ಟು ಸ್ವಲ್ಪ ದೂರ ಇಳಿಸಿ, ಕೆಳಗೆ ಬಂದು ಒತ್ತಿದ ತಕ್ಷಣ ಹಿಂದೆ ನೀಲಿ ಮೋಡ ಎದ್ರೆ ಗೈಡು ಸೀಲು ಕಡೆ ನೋಡ್ಬೇಕು. ಏರಿನಲ್ಲಿ ಎಳೀವಾಗ ಒಂದೇ ಸಮ ಬರ್ತಿದ್ರೆ ರಿಂಗು.

ಬೋರ್ ಗೇಜ್

ನಂಗೆ ರಿಂಗ್ ಮೇಲೇ ಅನುಮಾನ. ಎರಡನೇ ರಿಂಗ್‌ನಲ್ಲಿ ಟಾಪ್ ಅಂತ ಗುರುತು ಇರುತ್ತೆ, ಅದನ್ನ ತಲೆಕೆಳಗೆ ಹಾಕಿದ್ರೆ ಆಯಿಲ್ ಕೆರೆದು ಕೆಳಗೆ ಕಳ್ಸೋ ಬದಲು ಮೇಲಕ್ಕೆ ಪಂಪ್ ಮಾಡುತ್ತೆ. ಆಯಿಲ್ ರಿಂಗ್ ಒಳಗಿನ ಎಕ್ಸ್‌ಪ್ಯಾಂಡರ್ ತುದಿಗಳು ಒಂದಕ್ಕೊಂದು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಹತ್ತಿ ಕೂತ್ರೆ ಮುಗೀತು. ಮತ್ತೆ ಮೊದಲ ದಿನಗಳಲ್ಲಿ ಗಾಡಿ ನಿಲ್ಸಿಕೊಂಡು ಐಡಲ್‌ನಲ್ಲಿ ಗಂಟೆಗಟ್ಟಲೆ ಟ್ಯೂನಿಂಗ್ ಮಾಡಿದ್ರಾ? ಹೊಸ ರಿಂಗ್ ಕೂರೋಕೆ ಲೋಡ್ ಬೇಕು, ಬರೀ ಐಡಲ್‌ನಲ್ಲಿ ಓಡಿದ್ರೆ ಬೋರ್ ಒಳಗೆ ಬೇಕಂತಲೇ ಎಳೆದಿರೋ ಹೋನಿಂಗ್ ಗೀರುಗಳ ಮೇಲೆ ಆಯಿಲ್ ಸುಟ್ಟು ಬೋರ್ ಕನ್ನಡಿ ಥರ ಆಗ್ಬಿಡುತ್ತೆ. ಯಾವ ಆಯಿಲ್ ಹಾಕಿದ್ದೀರಿ? ಸಿಂಥೆಟಿಕ್ ಆದ್ರೆ ತೆಗೀರಿ, ರಿಂಗ್ ಕೂರೋವರೆಗೆ ಮಿನರಲ್ 20W-50 ಸಾಕು.

ಕಂಪ್ರೆಷನ್ ಚೆಕ್ ಮಾಡಿ. ಇಂಜಿನ್ ಬಿಸಿ ಇರ್ಬೇಕು, ನಾಲ್ಕೂ ಪ್ಲಗ್ ತೆಗೆದು ಥ್ರಾಟಲ್ ಪೂರ್ತಿ ಒತ್ತಿ ಹಿಡೀರಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ರಿಂಗು, ಏರ್ದೇ ಇದ್ರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗು.

ಟ್ಯಾಪೆಟ್ ಸದ್ದು

ಬೋರ್ ಗೇಜ್ ಅಣ್ಣ ಹೇಳಿದ ಟೆಸ್ಟ್ ಮಾಡಲೇಬೇಕು, ಒಪ್ತೀನಿ, ಆದ್ರೆ ಅವರ ಅನುಮಾನ ನಾನು ಒಪ್ಪಲ್ಲ. ರಿಂಗ್ ತಪ್ಪಾಗಿದ್ರೆ ಹೊಗೆ ಅರ್ಧ ನಿಮಿಷಕ್ಕೆ ನಿಲ್ಲಲ್ಲ, ಗಾಡಿ ಓಡಿದಷ್ಟೂ ಬರುತ್ತೆ. ಇಲ್ಲಿ ಗಾಡಿ ನಿಂತಿದ್ದಾಗ ಎಲ್ಲೋ ಒಂದಿಷ್ಟು ಆಯಿಲ್ ಇಳಿದು ಶೇಖರಣೆ ಆಗ್ತಿದೆ, ಬೆಳಿಗ್ಗೆ ಅಷ್ಟು ಸುಟ್ಟು ಖಾಲಿಯಾಗ್ತಿದೆ. ಮೇಲಿಂದ ಕೆಳಗೆ ಇಳಿಯೋ ದಾರಿ ಅಂದ್ರೆ ವಾಲ್ವ್ ಗೈಡ್ ಒಂದೇ. ಹೆಡ್ ಮೇಲೆ ವಾಲ್ವ್ ಒತ್ತೋ ರಾಕರ್‌ಗಳ ಶಾಫ್ಟ್‌ನಿಂದ ಬಿದ್ದ ಆಯಿಲ್ ಇನ್ಲೆಟ್ ವಾಲ್ವಿನ ಕಾಂಡ ಹಿಡ್ಕೊಂಡು ಹನಿಹನಿಯಾಗಿ ಇಳಿದು ಪೋರ್ಟಲ್ಲಿ ಕೂರುತ್ತೆ, ಸೆಲ್ಫ್ ಹೊಡೆದ ತಕ್ಷಣ ಇಂಜಿನ್ ಅದನ್ನ ಎಳ್ಕೊಳ್ಳುತ್ತೆ.

ಇನ್ನೊಂದು ಪಕ್ಕಾ ಮಾಡ್ಕೊಳ್ಳಿ, 66ರ ಗಾಡಿ ಅಂದ್ರೆ ಮ್ಯಾನಿಫೋಲ್ಡ್ ಮೇಲೆ ಕ್ರ್ಯಾಂಕ್‌ಕೇಸ್ ಗಾಳಿ ಎಳೆಯೋ ದುಂಡನೆ ವಾಲ್ವ್ ಇರುತ್ತೆ, ಒಳಗಿನ ಡಯಾಫ್ರಮ್ ಹರಿದಿದ್ರೂ ಆಯಿಲ್ ಎಳೆಯುತ್ತೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೀರಿ, ಆರ್‌ಪಿಎಮ್ ಸುಮಾರು 200 ಏರಿದ್ರೆ ಅದು ಸರಿ ಇದೆ.

ಈಗ ಮುಖ್ಯ ಪ್ರಶ್ನೆ. ವಾಲ್ವ್ ಕಾಂಡಕ್ಕೆ ಹಾಕೋ ಚಿಕ್ಕ ರಬ್ಬರ್ ರಿಂಗ್, ಅಂದ್ರೆ ಸೀಲು, ಯಾವ ಹಂತದಲ್ಲಿ ಹಾಕಿದ್ರಿ?

ರೋಡ್‌ಸ್ಟರ್ 66

ಎಲ್ಲ ಮಾಡಿ ನೋಡ್ದೆ, ತಡ ಆಯ್ತು ಕ್ಷಮಿಸಿ. ಬಟ್ಟೆ ಮೇಲೆ ಜಿಡ್ಡಿನ ಚುಕ್ಕೆ ಬಿತ್ತು, ಅಲ್ಲಿಗೆ ಆಯಿಲ್ ಅಂತ ಖಾತ್ರಿ. ಏರಿನಲ್ಲಿ ಹೊಗೆ ಇಲ್ಲ, ಇಳಿಜಾರು ಮುಗಿಸಿ ಒತ್ತಿದಾಗ ಕನ್ನಡೀಲಿ ಒಂದು ಸಣ್ಣ ನೀಲಿ ಮೋಡ ಕಾಣಿಸ್ತು. ಮುಚ್ಚಳ ತೆಗೆದ್ರೆ ಆರ್‌ಪಿಎಮ್ ಏರ್ತು. ಕಂಪ್ರೆಷನ್ 165, 162, 160, 164 ಪಿಎಸ್‌ಐ. ಆಯಿಲ್ ಮಿನರಲ್ 20W-50ನೇ ಇದೆ. ಪ್ಲಗ್‌ಗಳಲ್ಲಿ 1, 2 ಒಣಗಿ ಕಂದು ಬಣ್ಣ, 3 ಮತ್ತು 4 ಒದ್ದೆ.

ಟ್ಯಾಪೆಟ್ ಸದ್ದು ಅವರೇ, ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ನಾನು ರಬ್ಬರ್ ರಿಂಗ್ ಮೊದಲು ಹಾಕಿ ಅದರ ಮೇಲೆ ಸ್ಪ್ರಿಂಗ್ ಕ್ಯಾಪ್ ಕೂರ್ಸಿ ಒತ್ತಿ ಲಾಕ್ (ಕ್ಯಾಪನ್ನ ಕಾಂಡಕ್ಕೆ ಹಿಡಿಯೋ ಚಿಕ್ಕ ತುಂಡುಗಳು) ಹಾಕಿದ್ದೆ.

ಟ್ಯಾಪೆಟ್ ಸದ್ದು

ಹಾಗಾದ್ರೆ ಸಿಕ್ಕಿಬಿಡ್ತು ಅನ್ಕೊಳ್ಳಿ. ಮೊದಲು ಸ್ಪ್ರಿಂಗು ಕ್ಯಾಪು ಒತ್ತಿ ಹಿಡ್ಕೊಂಡು, ಆಮೇಲೆ ಆಯಿಲ್‌ನಲ್ಲಿ ನೆನೆಸಿದ ರಬ್ಬರ್ ರಿಂಗನ್ನ ಕಾಂಡಕ್ಕೆ ತೂರಿಸಿ ಲಾಕ್ ಕೂರೋ ತೋಡಿನ ಕೆಳಗೆ ಕೂರಿಸಿ, ಕೊನೇಲಿ ಲಾಕ್. ನೀವು ಮಾಡಿದ ಕ್ರಮದಲ್ಲಿ ಕ್ಯಾಪಿನ ಅಂಚು ರಿಂಗನ್ನ ಕತ್ತರಿಸಿಬಿಡುತ್ತೆ. ನಾನೂ ನನ್ನ ಮೊದಲ ಹೆಡ್ಡಲ್ಲಿ ಇದನ್ನೇ ಮಾಡಿದ್ದೆ, ಅದಕ್ಕೇ ಕೇಳಿದ್ದು. 3, 4 ಎರಡೂ ಒದ್ದೆ ಅಂತ ಎರಡೂ ಹರಿದಿವೆ ಅಂತೇನಿಲ್ಲ, ಈ ಹೆಡ್ಡಲ್ಲಿ 3 ಮತ್ತು 4ಕ್ಕೆ ಇನ್ಲೆಟ್ ಪೋರ್ಟ್ ಒಂದೇ, 1, 2ಕ್ಕೂ ಹಾಗೇ, ಒಂದು ಸೋರಿದ್ರೆ ಪಕ್ಕದ್ದಕ್ಕೂ ಪಾಲು ಹೋಗುತ್ತೆ. ಮುಂದಿನಿಂದ ಎಣಿಸಿದ್ರೆ 2, 3, 6, 7ನೇ ವಾಲ್ವ್ ಇನ್ಲೆಟ್, ನಾಲ್ಕಕ್ಕೂ ಹೊಸದು ಹಾಕಿ.

ಹೆಡ್ ಇಳಿಸ್ಬೇಡಿ. ಪಿಸ್ಟನ್ ಅರ್ಧ ದೂರದಲ್ಲಿದ್ದಾಗ ಪ್ಲಗ್ ತೂತಿನಿಂದ ಮೆತ್ತನೆ ನೈಲಾನ್ ಹಗ್ಗ ತುಂಬ್ತಾ ಹೋಗಿ, ತುದಿ ಹೊರಗೇ ಇರಲಿ, ಆಮೇಲೆ ಕ್ರ್ಯಾಂಕ್ ಕೈಯಲ್ಲಿ ಮೆಲ್ಲಗೆ ತಿರುಗಿಸಿದ್ರೆ ಪಿಸ್ಟನ್ ಹಗ್ಗಾನ ಮೇಲಕ್ಕೊತ್ತಿ ವಾಲ್ವ್ ಬೀಳದ ಹಾಗೆ ಹಿಡ್ಕೊಳ್ಳುತ್ತೆ. ಆಗ ಮೇಲಿಂದ ಸ್ಪ್ರಿಂಗ್ ಒತ್ತಬಹುದು. ಪುಶ್‌ರಾಡ್ ತೂತುಗಳಿಗೆಲ್ಲ ಬಟ್ಟೆ ತುರುಕಿ, ಲಾಕ್ ಒಂದು ಒಳಗೆ ಬಿದ್ರೆ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚೋ ಕೆಲಸ ಬೀಳುತ್ತೆ.

ಗ್ರೀಸ್ ಕೈ

ಒಂದು ಮಾತು ಸೇರಿಸ್ತೀನಿ, ಇದನ್ನ ಬಿಟ್ರೆ ಕೆಡುತ್ತೆ. ರಾಕರ್ ಶಾಫ್ಟ್ ಹಿಡಿದಿರೋ ಎಂಟು ನಟ್ಟಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರ್ತವೆ. ಬರೀ ಅವನ್ನ ಬಿಚ್ಚಿದ್ರೆ ಹೆಡ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಆಗಿ ಸೊಟ್ಟಗಾಗಬಹುದು, ನೀರು ಸಿಲಿಂಡರ್‌ಗೆ ಇಳಿಯಬಹುದು. ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ, ಮಿಕ್ಕ ಏಳು ಹೆಡ್ ನಟ್ಟೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ. ವಾಪಸ್ ಬಿಗಿ ಮಾಡುವಾಗ ಹೆಡ್ ನಟ್ಟುಗಳಿಗೆ ಹಂತಹಂತವಾಗಿ 45ರಿಂದ 50 ಪೌಂಡ್ ಅಡಿ. ಆಮೇಲೆ ಟ್ಯಾಪೆಟ್ ಗ್ಯಾಪ್ 15 ಥೌ. ಪುಶ್‌ರಾಡ್ ತೆಗೆದ ಜಾಗಕ್ಕೇ ವಾಪಸ್ ಹೋಗ್ಬೇಕು, ಹೊಸ ಕ್ಯಾಮ್ ಅಂದ್ರಲ್ಲ, ಈಗಷ್ಟೇ ಒಂದಕ್ಕೊಂದು ಹೊಂದಿಕೊಂಡಿರ್ತವೆ.

ಬೋರ್ ಗೇಜ್

ಕಂಪ್ರೆಷನ್ ಚೆನ್ನಾಗಿದೆ. ಅದು ಆಯಿಲ್ ರಿಂಗ್ ಬಗ್ಗೆ ಏನೂ ಹೇಳಲ್ಲ ನಿಜ, ಆದ್ರೆ ಏರಿನಲ್ಲಿ ಹೊಗೆ ಇಲ್ಲ ಅಂದ್ಮೇಲೆ ನನ್ನ ಅನುಮಾನ ವಾಪಸ್ ತಗೋತೀನಿ. ಹಗ್ಗದ ಕೆಲಸ ಮಾಡಿ ಹೇಳಿ.

ರೋಡ್‌ಸ್ಟರ್ 66

ಶನಿವಾರ ಭಾನುವಾರ ಎರಡೂ ದಿನ ಇದರಲ್ಲೇ ಹೋಯ್ತು. ಆರನೇ ವಾಲ್ವ್ ಕ್ಯಾಪ್ ಎತ್ತಿದ್ರೆ ರಬ್ಬರ್ ರಿಂಗ್ ಉಂಗುರವಾಗೇ ಇರಲಿಲ್ಲ, ಕತ್ತರಿಸಿದ ಉಗುರಿನ ಚೂರಿನ ಹಾಗೆ ಅರ್ಧ ಚಂದ್ರ ಗೈಡಿನ ಪಕ್ಕ ಆಯಿಲ್‌ನಲ್ಲಿ ಬಿದ್ದಿತ್ತು, ಇನ್ನರ್ಧ ಸ್ಪ್ರಿಂಗ್ ಸುತ್ತಿನೊಳಗೆ ಸಿಕ್ಕಿಕೊಂಡಿತ್ತು. ಎರಡನೇ ವಾಲ್ವಿಂದು ಒಂದು ಕಡೆ ಸೀಳಿತ್ತು, ಮಿಕ್ಕ ಎರಡು ಸರಿ ಇದ್ವು. ನಾಲ್ಕೂ ಹೊಸದು ಹಾಕ್ದೆ. ಒಂದು ಲಾಕ್ ಕೈಜಾರಿ ಬಿತ್ತು, ಬಟ್ಟೆ ಮೇಲೇ ನಿಂತ್ಕೊಳ್ತು, ಆ ಸಲಹೆಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು.

ನಿನ್ನೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಟ್ಟೆ ಹಿಡಿಯೋಕೆ ಹೆಂಡತೀನ ಹಿಂದೆ ನಿಲ್ಸಿದ್ದೆ. ಬರೀ ನೀರಿನ ಹನಿ. ಇವತ್ತೂ ಹಾಗೇ, ಪೋರ್ಟಲ್ಲಿ ಉಳಿದಿದ್ದ ಹಳೇ ಆಯಿಲ್ ಅಂತ ಕಾಣುತ್ತೆ ನಿನ್ನೆ ಒಂದೆರಡು ಸೆಕೆಂಡ್ ತೆಳ್ಳಗೆ ಬಂತು, ಇವತ್ತು ಅದೂ ಇಲ್ಲ. 3, 4ರ ಪ್ಲಗ್ ಒರೆಸಿ ಹಾಕಿದ್ದೀನಿ, 800 ಕಿಮೀಗೆ ಆಯಿಲ್ ಬದಲಾಯಿಸುವಾಗ ತೆಗೆದು ನೋಡಿ ಬಣ್ಣ ಹೇಗಿದೆ ಅಂತ ಇಲ್ಲೇ ಹಾಕ್ತೀನಿ.