ಪ್ರಶ್ನೋತ್ತರ: ಸೈಕಲ್ ತುಳಿಯೋ ವ್ಯಾಟ್ ಏರಿದೆ, ಆದ್ರೂ ತಿರುವಲ್ಲಿ ಹಿಂದೆ ಬೀಳ್ತೀನಿ

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಮೇಡಂ. ವಯಸ್ಸು 34, ಕಂಪ್ಯೂಟರ್ ಮುಂದೆ ಕೂರೋ ಕೆಲಸ, ವಾರಕ್ಕೆ ಆರೇಳು ಗಂಟೆ ಸೈಕಲ್ಲಿಗೆ ಸಿಕ್ಕಿದ್ರೆ ಹೆಚ್ಚು. ಒಂದು ವರ್ಷದಿಂದ ಮನೆಯಲ್ಲೇ ಟ್ರೇನರ್ (ಸೈಕಲ್ಲನ್ನ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮೇಲೆ ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ಬಿಡುವು) ಮಾಡ್ತಿದೀನಿ. ಎಫ್‌ಟಿಪಿ (ಸುಮಾರು ಒಂದು ಗಂಟೆ ಒಂದೇ ಸಮ ತುಳಿಯಬಲ್ಲ ಗರಿಷ್ಠ ಶಕ್ತಿ) 205ರಿಂದ 238 ವ್ಯಾಟ್‌ಗೆ ಬಂದಿದೆ. ಆದ್ರೆ ಹೋದ ತಿಂಗಳ ಕ್ರೈಟೀರಿಯಂ (ಚಿಕ್ಕ ದಾರಿಯನ್ನೇ ಹಲವು ಸುತ್ತು ಹಾಕೋ) ರೇಸಲ್ಲಿ ಆರನೇ ಸುತ್ತಿಗೇ ಗುಂಪಿನಿಂದ ಉದುರಿಹೋದೆ. ನನಗಿಂತ ಕಡಿಮೆ ವ್ಯಾಟ್ ಇರೋರೆಲ್ಲ ಕೊನೇವರೆಗೂ ಇದ್ರು. ಪ್ರತಿ ತಿರುವಲ್ಲೂ ಹೆದರಿ ಬ್ರೇಕ್ ಹಿಡೀತೀನಿ, ಆಮೇಲೆ ಗುಂಪು ಸೇರೋಕೆ ಒದ್ದಾಡ್ತೀನಿ. ಸಮಯ ಕಮ್ಮಿ ಇರೋದ್ರಿಂದ ಸ್ಪ್ರಿಂಟ್, ವಿಓಟು ಮ್ಯಾಕ್ಸ್ (ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕ, ಅದನ್ನ ಏರಿಸೋ ಇಂಟರ್ವಲ್), ಥ್ರೆಶೋಲ್ಡ್ (ಎಫ್‌ಟಿಪಿ ಹತ್ತಿರದ ಶಕ್ತಿಯಲ್ಲಿ ಒಂದೇ ಸಮ ತುಳಿಯೋದು), ತಿರುವಿನ ಅಭ್ಯಾಸ ಎಲ್ಲಾ ಒಂದೇ ದಿನಕ್ಕೆ ಸೇರಿಸಬಹುದಾ?

ಉತ್ತರ (ತರಬೇತುದಾರರು): ರೋಗ ಏನು ಅಂತ ನೀವೇ ಬರೆದುಬಿಟ್ಟಿದ್ದೀರಿ. ಒಂದು ಲೆಕ್ಕ ಹಾಕೋಣ. ಮೈ, ಸೈಕಲ್ ಸೇರಿ 80 ಕೆ.ಜಿ. ಅಂದುಕೊಳ್ಳಿ. ನಿಮ್ಮ ಮುಂದಿನವರು ತಿರುವನ್ನು ಗಂಟೆಗೆ 34 ಕಿ.ಮೀ. ವೇಗದಲ್ಲಿ ದಾಟಿ ಮತ್ತೆ 38ಕ್ಕೆ ಏರುತ್ತಾರೆ. ನೀವು ಬ್ರೇಕ್ ಹಿಡಿದು 30ಕ್ಕೆ ಇಳಿದು ಅಲ್ಲಿಂದ 38ಕ್ಕೆ ಏರಬೇಕು. ಅವರಿಗೆ ಖರ್ಚು ಸುಮಾರು 890 ಜೂಲ್, ನಿಮಗೆ ಸುಮಾರು 1,680. ಈ 790 ಜೂಲ್ ವ್ಯತ್ಯಾಸವನ್ನು ನಾಲ್ಕು ಸೆಕೆಂಡಲ್ಲಿ ತುಂಬಬೇಕು ಅಂದ್ರೆ ಹತ್ತಿರ ಹತ್ತಿರ 200 ವ್ಯಾಟ್ ಹೆಚ್ಚುವರಿ. ಸುತ್ತಿಗೆ ನಾಲ್ಕು ತಿರುವು, 20 ಸುತ್ತು ಅಂದ್ರೆ 80 ಸಲ! ವರ್ಷವಿಡೀ ಬೆವರು ಸುರಿಸಿ ಗಳಿಸಿದ್ದು 33 ವ್ಯಾಟ್. ಅದನ್ನು ಹಗುರವಾಗಿ ಹೇಳ್ತಿಲ್ಲ, ಒಳ್ಳೇ ಗಳಿಕೆಯೇ. ಆದ್ರೆ ಸೋರಿಕೆ ಬೇರೆ ಕಡೆ ಇದೆ.

ಇನ್ನು ಸೇರಿಸೋ ವಿಚಾರ. ಸೇರಿಸಬಹುದು, ಚಿತ್ರಾನ್ನ ಮಾಡಬಾರದು. ಒಂದು ದಿನಕ್ಕೆ ಕೌಶಲ ಒಂದು, ಇಂಟರ್ವಲ್ ಎರಡು ಬಗೆ, ಅಷ್ಟೇ. ಅದರಲ್ಲೂ ಯಾವುದು ಮೊದಲು ಅನ್ನೋದೇ ಮುಖ್ಯ.

ಮೈ ಬೆಚ್ಚಗಾದ ಮೇಲೆ ಮೊದಲ 20 ನಿಮಿಷ ತಿರುವಿಗೆ. ದಣಿದ ಮೈ ಹೊಸ ಚಲನೆಯನ್ನು ತಪ್ಪಾಗಿಯೇ ಕಲಿಯುತ್ತೆ. ಖಾಲಿ ಮೈದಾನವೋ ಲೇಔಟಿನ ಖಾಲಿ ರಸ್ತೆಯೋ ನೋಡಿ ನಾಲ್ಕು ಹಳೇ ಚಪ್ಪಲಿ ಇಡಿ. ಕಲ್ಲು, ಇಟ್ಟಿಗೆ ಬೇಡ, ಗಾಲಿ ಹತ್ತಿದ್ರೆ ಬೀಳ್ತೀರಿ. ಕೈ ಡ್ರಾಪ್ಸ್ (ಹ್ಯಾಂಡಲ್ಲಿನ ಕೆಳಗಿನ ಬಾಗು) ಮೇಲೆ. ಬ್ರೇಕ್ ಏನಿದ್ರೂ ತಿರುವಿಗೆ ಮುಂಚೆಯೇ, ಬಾಗಿದ ಮೇಲೆ ಅಲ್ಲ. ಹೊರಬದಿಯ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ. ಕಣ್ಣು ಮುಂದಿನವರ ಗಾಲಿ ಮೇಲಲ್ಲ, ತಿರುವು ಮುಗಿಯೋ ಜಾಗದ ಮೇಲೆ. ಇದೊಂದು ಸರಿಹೋದ್ರೆ ಅರ್ಧ ಕೆಲಸ ಮುಗೀತು. ನಾನು ರೇಸ್ ಮಾಡ್ತಿದ್ದಾಗ ಮುಂದಿನವರ ಗಾಲಿಯನ್ನೇ ದಿಟ್ಟಿಸಿ ನೋಡಿ, ಅವರ ಜೊತೆಗೇ ಚರಂಡಿಗೆ ಹೋದವಳು.

ಅದಾದ ಮೇಲೆ ಸ್ಪ್ರಿಂಟ್. ತಿರುವು ದಾಟಿದ ತಕ್ಷಣ 10 ಸೆಕೆಂಡ್ ಪೂರ್ತಿ ಶಕ್ತಿ ಹಾಕಿ, ಆರು ಸಲ. ನಡುವೆ 3ರಿಂದ 4 ನಿಮಿಷ ಸುಮ್ಮನೆ ತುಳಿಯಿರಿ. ಸ್ನಾಯುವಿನಲ್ಲಿರೋ ಫಾಸ್ಫೋಕ್ರಿಯೇಟಿನ್ (ಸ್ಪ್ರಿಂಟಿಗೆ ತಕ್ಷಣ ಸಿಗೋ ಶಕ್ತಿಯ ಸಂಗ್ರಹ) ತುಂಬಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಬೇಸರ ಆಯ್ತು ಅಂತ ಒಂದು ನಿಮಿಷಕ್ಕೇ ಮತ್ತೆ ಹೊಡೆದ್ರೆ ಅದು ಸ್ಪ್ರಿಂಟ್ ಆಗಲ್ಲ, ಬರೀ ಸುಸ್ತು.

ಥ್ರೆಶೋಲ್ಡ್ ಕೊನೆಗೆ: 12 ನಿಮಿಷದ್ದು ಎರಡು, 220ರಿಂದ 230 ವ್ಯಾಟ್. ಇದನ್ನ ಮೊದಲು ಮಾಡಿದ್ರೆ ಸ್ಪ್ರಿಂಟಿನ ಹರಿತ ಹೋಗುತ್ತೆ. ಸ್ಪ್ರಿಂಟ್ ಮೊದಲು ಮಾಡಿದ್ರೆ ಥ್ರೆಶೋಲ್ಡಿಗೆ ಅಂಥ ನಷ್ಟವಿಲ್ಲ.

ವಿಓಟು ಮ್ಯಾಕ್ಸ್‌ಗೆ ಬೇರೆ ದಿನ ಬೇಕು, ನಡುವೆ ಎರಡು ದಿನವಾದ್ರೂ ಬಿಡಿ. ನಾರ್ವೆಯ ಕ್ರೀಡಾ ಸಂಶೋಧಕ ಬೆಂಟ್ ರೊನ್ನೆಸ್ಟಾಡ್ ಪರೀಕ್ಷಿಸಿದ 30/15 ನಿಮಗೆ ಹೊಂದುತ್ತೆ. 30 ಸೆಕೆಂಡ್ ಜೋರು, 15 ಸೆಕೆಂಡ್ ಅದರ ಅರ್ಧ ಶಕ್ತಿ, ಹೀಗೆ 13 ಸಲ ಆದ್ರೆ ಒಂದು ಸೆಟ್. ಆಮೇಲೆ 3 ನಿಮಿಷ ವಿಶ್ರಾಂತಿ. ಅವರದ್ದು ಮೂರು ಸೆಟ್, ನೀವು ಎರಡರಿಂದ ಶುರುಮಾಡಿ, 285 ವ್ಯಾಟ್ ಆಸುಪಾಸಲ್ಲಿ. ಕ್ರೈಟೀರಿಯಂನ ಏರಿಳಿತಕ್ಕೂ ಇದಕ್ಕೂ ತುಂಬಾ ಹೋಲಿಕೆ. ಉಳಿದ ದಿನ ನಿಧಾನ ಸವಾರಿ, ಜೊತೆಯವರ ಹತ್ರ ಮಾತಾಡ್ಕೊಂಡು ಹೋಗೋಷ್ಟು ನಿಧಾನ.

ಪ್ರಶ್ನೆ (ಅದೇ ಸದಸ್ಯರು): ಟ್ರೇನರ್ ಮೇಲೆ ವ್ಯಾಟ್ ಅಳತೆಗೆ ಸರಿಯಾಗಿ ಬರುತ್ತೆ, ರೋಡಲ್ಲಿ ಬರಲ್ಲ. ತಿರುವಿನ ಅಭ್ಯಾಸ ಚಾಮುಂಡಿ ಬೆಟ್ಟ ಇಳಿಯುವಾಗ ಮಾಡಬಹುದಾ?

ಉತ್ತರ: 30/15 ಟ್ರೇನರ್ ಮೇಲೇ ಇರಲಿ. ಥ್ರೆಶೋಲ್ಡಿಗೆ ಬೆಟ್ಟ ಹತ್ತಿ, ಏರಿನಲ್ಲಿ ಶಕ್ತಿ ತಾನಾಗಿ ಒಂದೇ ಸಮ ನಿಲ್ಲುತ್ತೆ. ಇಳಿಯುವಾಗ ಮಾತ್ರ ದಯವಿಟ್ಟು ಬೇಡ. ಬಸ್ಸು ಬರುತ್ತೆ, ನಡೆಯೋರಿರ್ತಾರೆ. ಇಳಿಯೋದು ಮನೆಗೆ ಬರೋಕೆ.

ನಾಲ್ಕು ವಾರ ಕಳೆದ ಮೇಲೆ ಕ್ರಮ ಸ್ವಲ್ಪ ಮುರಿಯೋಣ. ಅವತ್ತು ಬೆಟ್ಟ ಬಿಟ್ಟು ಮೈದಾನದ ಹತ್ರವೇ ಥ್ರೆಶೋಲ್ಡ್ ಮಾಡಿ, ಎರಡನೇ 12 ನಿಮಿಷ ಮುಗಿದ ಕೂಡಲೇ, ಏದುಸಿರಲ್ಲೇ ಬಂದು ಆ ಚಪ್ಪಲಿಗಳ ನಡುವೆ ಐದಾರು ತಿರುವು ಹಾಕಿ. ರೇಸಲ್ಲಿ ತಿರುವು ಬರೋದು ಹಾಗೇ ತಾನೇ. ಮೊಣಕೈ ಬಿಗಿಯಾಗಿ, ಮತ್ತೆ ಬ್ರೇಕಿಗೆ ಬೆರಳು ಹೋಗ್ತಿದ್ರೆ ಅವತ್ತಿಗೆ ನಿಲ್ಲಿಸಿ.

ಪ್ರಶ್ನೆ (ಇನ್ನೊಬ್ಬರು, ಬೆಂಗಳೂರು): ಇಷ್ಟೆಲ್ಲಾ ಯಾಕೆ? ಟಬಾಟಾ ನಾಲ್ಕೇ ನಿಮಿಷ, ಸಾಕಲ್ವಾ?

ಉತ್ತರ: ಟಬಾಟಾ ಅನ್ನೋದು ಜಪಾನಿನ ಸಂಶೋಧಕರ ಹೆಸರು. ಅವರ 1996ರ ಅಧ್ಯಯನದಲ್ಲಿ 20 ಸೆಕೆಂಡ್ ತುಳಿಯೋದು ವಿಓಟು ಮ್ಯಾಕ್ಸಿನ ಸುಮಾರು 170 ಶೇಕಡಾ ತೀವ್ರತೆಯಲ್ಲಿ, ನಡುವೆ 10 ಸೆಕೆಂಡ್ ಬಿಡುವು, ಏಳೆಂಟು ಸಲಕ್ಕೆ ಮನುಷ್ಯ ಸೋತು ನಿಲ್ಲಬೇಕು. ಅದೂ ಆರು ವಾರ. ನೀವು ನಾಲ್ಕು ನಿಮಿಷ ಮುಗಿಸಿ ಫೋನಲ್ಲಿ ಕಾಮೆಂಟ್ ಹಾಕ್ತಿದ್ರೆ ಅದು ಟಬಾಟಾ ಅಲ್ಲ.

ಪ್ರಶ್ನೆ (ವಿಜಯಪುರದ ಸದಸ್ಯರು): ಮೇಡಮ್ಮರ, ನಮ್ಮ ಮಗಳಿಗೆ 13 ವರ್ಷ ರೀ. ಆರು ತಿಂಗಳಿಂದ ಸೈಕಲ್ ಹೊಡ್ಯಾಕತ್ಯಾಳ. ನಮ್ಮ ಕಡೆ ಏರಿ ಇಲ್ಲ, ಬರೇ ಗಾಳಿ. ಆಕಿಗೂ ಈ ಇಂಟರ್ವಲ್ ಕೊಡಬೇಕೇನ್ರಿ?

ಉತ್ತರ: ಬೇಡ ಸರ್. ಈ ವಯಸ್ಸಿಗೆ ವ್ಯಾಟ್ ಲೆಕ್ಕವೇ ಬೇಡ. ಗೆಳತಿಯರ ಜೊತೆ ಕಂಬದಿಂದ ಕಂಬಕ್ಕೆ ಪೈಪೋಟಿ, ಸೈಕಲ್ ಓಡಿಸ್ತಾನೇ ನೆಲದ ಮೇಲಿನ ಬಾಟಲಿ ಎತ್ತೋದು, ಕಾಲು ಊರದೆ ನಿಂತಲ್ಲೇ ನಿಲ್ಲೋದು, ಸಣ್ಣ ಗೇರಲ್ಲಿ ಬೇಗ ಬೇಗ ತುಳಿಯೋದು, ಇಷ್ಟು ಸಾಕು. ಗಾಳಿ ಇದೆ ಅಂತ ಬೇಜಾರು ಮಾಡ್ಕೋಬೇಡಿ, ಅದೇ ನಿಮ್ಮ ಊರಿನ ಬೆಟ್ಟ. ಅಡ್ಡಗಾಳಿಯಲ್ಲಿ ನಾಲ್ಕು ಮಕ್ಕಳು ಓರೆಯಾಗಿ ಸಾಲು ಹಿಡಿದು, ಸರದಿ ಪ್ರಕಾರ ಮುಂದೆ ಬರೋದನ್ನ ಕಲಿಸಿ. ಮುಂದಿನವರ ಮರೆಯಲ್ಲಿ ಸರಿಯಾಗಿ ನಿಂತ್ರೆ ಕಾಲುಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತೆ. ನನ್ನ ಹತ್ರ ಬರೋ ಬೆಂಗಳೂರಿನ ದೊಡ್ಡವರಲ್ಲಿ ಎಷ್ಟೋ ಜನಕ್ಕೆ ಇದು ಬರಲ್ಲ.

ಮೈಸೂರಿನ ಸದಸ್ಯರು (ಭಾನುವಾರ): ಮೇಡಂ, ಇವತ್ತು ಮಾಡಿದೆ. ಒಂದು ಚಪ್ಪಲಿ ನಾಯಿ ಎತ್ಕೊಂಡು ಹೋಯ್ತು. ಎಡಕ್ಕೆ ಆರಾಮಾಗಿ ಬಾಗ್ತೀನಿ, ಬಲಕ್ಕೆ ಮಾತ್ರ ಕೈ ನಡುಗುತ್ತೆ.

ಉತ್ತರ: ಬಹಳ ಜನಕ್ಕೆ ಒಂದು ಬದಿ ಹಾಗೇ. ಮುಂದಿನ ವಾರ ಬಲಕ್ಕೆ ಎರಡು ಪಟ್ಟು ಮಾಡಿ, ಮೂರು ಚಪ್ಪಲಿಯಲ್ಲೇ.